ಒದ್ದು ಕಣ್ಣಿಗೊತ್ತಿಕೊಳ್ಳುವ ವಿಲನ್

ಫೋನು ತಿಕ್ಕುತ್ತಾ ಬಿದ್ದುಕೊಂಡವರೇ, ನಿಮ್ಮ ಕೈಗಾದರೂ ಕೆಲಸವಿದೆ, ಕಾಲಿಗೆ ಏನಿದೆ? ಇದನ್ನು ಓದಿ.

ಮೊಮ್ಮಗಳು ಪಲ್ಲವಿ ಹಳೇ ಫೈಟಿಂಗ್ ಪಿಕ್ಚರ್‌ಗಳ ಹುಚ್ಚಿಗೆ ಬಿದ್ದು, ಅದೇ ಧಾಟಿಯಲ್ಲಿ ತಾನೂ ಒಂದು ಸಿನಿಮಾ ತೆಗೆಯುತ್ತಿದ್ದಾಳೆ. ಕ್ಯಾಮೆರಾ ಎಂದರೆ ಅವಳ ಫೋನೇ. ಇವತ್ತು ಭದ್ರಾವತಿಯ ಕಾಗದನಗರದಲ್ಲಿ, ಖಾಲಿ ಬಿದ್ದ ಕ್ವಾರ್ಟರ್ಸ್ ಮುಂದೆ ಕೊನೇ ಫೈಟು. ವಿಲನ್ ನಮ್ಮ ಪಕ್ಕದ ಮನೆಯ ಷಣ್ಮುಖಪ್ಪ. ಬೆಲ್‌ಬಾಟಮ್ ಪ್ಯಾಂಟು, ಕಪ್ಪು ಕನ್ನಡಕ. ಹೀರೋನ ಎದೆಗೆ ಒದ್ದ, ತಕ್ಷಣ ತಾನೇ ಬಗ್ಗಿ ಅವನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಪ್ರತಿ ಸಲವೂ ಅದೇ.

“ಅಂಕಲ್, ವಿಲನ್ ನಮಸ್ಕಾರ ಮಾಡಲ್ಲ,” ಎಂದಳು ಪಲ್ಲವಿ.

“ಕಾಲು ತಾಗ್ತಲ್ಲಮ್ಮ, ಕೈ ತಾನೇ ಹೋಗುತ್ತೆ.”

“ಮಾರಾಯ, ಈಗ ಒದಿ. ಮನೆಗೆ ಹೋಗಿ ಎಲ್ಲಾ ಸೇರಿಸಿ ನಮಸ್ಕಾರ ಮಾಡ್ಕೋ,” ಎಂದೆ ನಾನು.

“ಅಲ್ಲಿವರೆಗೂ ಪಾಪ ಕಾಲಲ್ಲೇ ಇರುತ್ತಲ್ಲಮ್ಮ?”

ಅಷ್ಟರಲ್ಲಿ ಬೆಳಕು ಹೋಯಿತು. ಬೇರೆಯವರನ್ನು ಹಾಕು ಎಂದರೆ ಪಲ್ಲವಿ ಕಣ್ಣು ತುಂಬಿಕೊಂಡು, “ಈ ಪಾತ್ರಕ್ಕೆ ಅಂತಾನೇ ಮೀಸೆ ಬಿಟ್ಟಿದಾರೆ ಅಜ್ಜಿ,” ಎಂದಳು.

ಹಾಗಾಗಿ ಮುಖ ಷಣ್ಮುಖಪ್ಪನದೇ ಇರಲಿ, ನಮಗೆ ಒದೆಯುವ ಕಾಲು ಮಾತ್ರ ಬೇಕು. ಒದ್ದು ಪಶ್ಚಾತ್ತಾಪ ಪಡದವರು ನಿಮ್ಮ ಮನೆಯಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಮುಂದಿನ ತಿಂಗಳು ಶೂಟಿಂಗಿಗೆ ಆ ಕ್ವಾರ್ಟರ್ಸ್ ಸಿಗುವುದಿಲ್ಲ. ಅದಕ್ಕೆ ಮೊದಲೇ ಉತ್ತರ ಬರೆಯಿರಿ. ಪ್ಯಾಂಟು ನಮ್ಮದು.