ಎಲ್ಲರೂ ಗೆದ್ದ ಗಾಡಿ ಓಟ

ಹೋದ ವರ್ಷ ಕಾರಹುಣ್ಣಿಮೆ ಮುಗಿದ ಮೇಲೆ ಬಂದ ಭಾನುವಾರ. ಹಿಂದಿನ ದಿನದ ಮಳೆಗೆ ನಮ್ಮ ಅಣ್ಣಿಗೇರಿಯ ಎರೆ ಹೊಲಗಳೆಲ್ಲ ರಾಡಿಯಾಗಿ, ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ಹಾಗಾಗಿ ಅಷ್ಟು ಮಂದಿ ಬಿಡುವಾಗಿದ್ದು ನಮ್ಮ ಮನೆಗೆ ಬಂದರು. ಬಂದದ್ದು ಊಟಕ್ಕಲ್ಲ, ಮದುವೆ ಮಾತುಕತೆಗೂ ಅಲ್ಲ. ನಮ್ಮವರು ನಾಲ್ಕು ವರ್ಷಗಳಿಂದ ಮಾಡುತ್ತಲೇ ಇದ್ದ ಒಂದು ಫೋನಿನ ಆಟವನ್ನು ಆಡಿ ನೋಡಲು.

ನಮ್ಮದು ಫ್ಲೆಕ್ಸ್ ಬೋರ್ಡ್ ಮಾಡುವ ಅಂಗಡಿ. ಮನೆಯ ಮುಂಭಾಗವೇ ಅಂಗಡಿ, ಹಿಂದೆ ನಾವು. ಮದುವೆ, ಹುಟ್ಟುಹಬ್ಬ, ಶ್ರದ್ಧಾಂಜಲಿ, ಎಲ್ಲ ಬೋರ್ಡಿನ ವಿನ್ಯಾಸವೂ ನನ್ನದು. ನಮ್ಮವರು, ಶಿವಾನಂದ, ಮಷೀನು ನೋಡಿಕೊಳ್ಳುತ್ತಾರೆ. ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದುವಾಗ ಅವರಿಗೊಬ್ಬ ಜೀವದ ಗೆಳೆಯ ಸಿಕ್ಕಿದ್ದ, ನಾಗರಾಜ. ಅವನು ನವಲಗುಂದದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಇಬ್ಬರೂ ಸೇರಿ ಒಂದು ದಿನ ನಮ್ಮ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಈ ಆಟದ ಕನಸು ಕಟ್ಟಿದರು.

ನಮ್ಮ ಕಡೆ ಖಾಲಿ ಗಾಡಿ ಓಡಿಸುವ ಸ್ಪರ್ಧೆ ನಡೆಯುತ್ತದೆ. ಒಂದು ಜೋಡಿ ಎತ್ತು ಹೂಡಿದ ಖಾಲಿ ಚಕ್ಕಡಿಯನ್ನು ಒಂದು ನಿಮಿಷ ಓಡಿಸುತ್ತಾರೆ. ಎಷ್ಟು ದೂರ ಹೋಯಿತು ಎಂದು ಟೇಪು ಹಿಡಿದು ಅಳೆಯುತ್ತಾರೆ. ಗಾಡಿಗಳು ಒಂದಾದ ಮೇಲೊಂದು ಓಡುವುದರಿಂದ ಯಾರ ಎತ್ತು ಯಾರನ್ನು ಹಿಂದೆ ಹಾಕಿತು ಎಂದು ಕಣ್ಣಾರೆ ಕಾಣುವುದಿಲ್ಲ. ಫೋನಿನಲ್ಲಾದರೆ ಎಂಟು ಊರಿನ ಎಂಟು ಜನ ತಮ್ಮ ತಮ್ಮ ಮನೆಯಲ್ಲೇ ಕೂತು ಒಟ್ಟಿಗೆ ಓಡಿಸಿ, ಯಾರು ಮೊದಲು ಗೆರೆ ದಾಟುತ್ತಾರೆ ಎಂದು ನೋಡಬಹುದಲ್ಲ, ಇದು ಇವರ ಆಟ. ಕೇಳಿದಾಗ ನನಗೂ ಖುಷಿಯಾಯಿತು. ಎತ್ತುಗಳ ಚಿತ್ರ ನಾನೇ ಬರೆದುಕೊಡುತ್ತೇನೆ ಎಂದೆ. ಆ ಮಾತು ಯಾಕಾದರೂ ಆಡಿದೆನೋ!

ಇಬ್ಬರೂ ಕೆಲಸ ಹಂಚಿಕೊಂಡರು. ಫೋನಿನಲ್ಲಿ ಕಾಣುವುದೆಲ್ಲ ನಮ್ಮವರದು. ಎಂಟು ಫೋನುಗಳ ನಡುವೆ ಕೂತು ಯಾರ ಗಾಡಿ ಎಲ್ಲಿದೆ ಎಂದು ಎಲ್ಲರಿಗೂ ತಿಳಿಸುವ ಒಂದು ಕಂಪ್ಯೂಟರ್ ಬೇಕಂತೆ, ಸರ್ವರ್ ಅನ್ನುತ್ತಾರೆ, ಅದು ನಾಗರಾಜನದು. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ದಿನ ನಮ್ಮ ಅಂಗಡಿಯಲ್ಲೇ ಇಬ್ಬರೂ ಜಗಳವಾಡಿದರು. ಕಾರಣ ಬಾರಕೋಲು!

ಬಾರಕೋಲಿನ ಬಟನ್ ಒತ್ತಿದರೆ ಎತ್ತು ಜೋರಾಗಿ ಓಡಬೇಕು ಎಂದು ನಾಗರಾಜ. ಬೇಡವೆಂದು ಇವರು.

"ನಮ್ಮ ಆಟದಾಗ ಬಸವಣ್ಣಗ ಹೊಡೆಯೂದು ಬ್ಯಾಡಲೇ ನಾಗ್ಯಾ."

"ಲೇ ಶಿವ್ಯಾ, ಅದು ಫೋನಿನ್ಯಾಗಿನ ಎತ್ತು. ಅದಕ್ಕೇನ್ ನೋವಾಗತೈತಿ?"

"ನೋಡಾವರಿಗೆ ಆಗತೈತಿ."

"ನೋಡಾವರು ಆಡಂಗಿಲ್ಲ. ಆಡಾವರಿಗೆ ಏನರ ಒತ್ತಾಕ ಬೇಕಲೇ!"

ನಾನು ಒಳಗಿನಿಂದ ಚಹಾ ತರುವಷ್ಟರಲ್ಲಿ ನಾಗರಾಜ ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಟ್ಟಿದ್ದ. ಇವರು ಮಷೀನಿನ ಕಡೆ ಮುಖ ಮಾಡಿ ಕೂತಿದ್ದರು. ನಾಲ್ಕು ದಿನದಲ್ಲಿ ಸರಿಹೋಗುತ್ತಾರೆ ಎಂದುಕೊಂಡೆ. ಸರಿಹೋಗಲಿಲ್ಲ. ಅವನೇ ಮೊದಲು ಮಾತಾಡಲಿ ಎಂದು ಇವರು, ಇವರೇ ಕರೆಯಲಿ ಎಂದು ಅವನು.

ಅಲ್ಲಿಂದ ಮುಂದೆ ಆಟ ಮುಗಿಯುವ ಲಕ್ಷಣವೇ ಕಾಣಲಿಲ್ಲ. ಕೆಲಸ ಮಾಡುತ್ತಿರಲಿಲ್ಲ ಎನ್ನುವಂತಿಲ್ಲ, ಊಟ ಬಿಟ್ಟು ಮಾಡುತ್ತಿದ್ದರು. ಆದರೆ ಏನು ಮಾಡುತ್ತಿದ್ದರು? ಕೊರಳ ಗೆಜ್ಜೆಸರಕ್ಕೆ ನಿಜವಾದ ದನಿ ಬೇಕೆಂದು ಊರ ಗೆಜ್ಜೆಗಳನ್ನೆಲ್ಲ ರೆಕಾರ್ಡ್ ಮಾಡಿಕೊಂಡು ಬಂದರು. ಎತ್ತಿನ ಬೆನ್ನಿಗೆ ಹೊದಿಸುವ ಜೂಲಾ ಗಾಳಿಗೆ ಹಾರಬೇಕೆಂದು ಒಂದು ತಿಂಗಳು ಕೂತರು. ಕೋಡಿನ ತುದಿಗೆ ತೊಡಿಸುವ ಕೋಡಣಸಿನ ಬಣ್ಣ ಹತ್ತು ಸಲ ಬದಲಿಸಿದರು. ಮಳೆ ಬರುವ ಹಾಗೆ ಮಾಡಿದರು. ಮಳೆ ಬಂದರೆ ರಾಡಿಯೂ ಬೇಕಲ್ಲ ಎಂದು ರಾಡಿ ಮಾಡಿದರು. ಸುದ್ದಿ ಹಬ್ಬಿ, ಎತ್ತಿದ್ದವರೆಲ್ಲ "ನಮ್ಮ ಜೋಡಿನೂ ಹಾಕ್ರಿ" ಎಂದು ವಾಟ್ಸಾಪಿನಲ್ಲಿ ಫೋಟೊ ಕಳಿಸತೊಡಗಿದರು. ಇವರು ಯಾರಿಗೂ ಇಲ್ಲ ಎನ್ನಲಿಲ್ಲ. ಬರೆಯುವವಳು ನಾನಲ್ಲವೆ! ಒಬ್ಬರದು ಹಣೆಯ ಮೇಲೆ ಬಿಳಿ ಮಚ್ಚೆ, ಇನ್ನೊಬ್ಬರದು ಒಂದು ಕೋಡು ಡೊಂಕು. ಮದುವೆ ಬೋರ್ಡಿನ ಗಿರಾಕಿಯನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಎತ್ತಿನ ಬಾಲ ತಿದ್ದಿದ್ದೇನೆ.

"ಏನ್ರೀ, ಇದು ಮುಗಿಯೂದು ಯಾವಾಗ?" ಎಂದರೆ, "ಇನ್ನ ಸ್ವಲ್ಪ ಐತಿ" ಎನ್ನುತ್ತಿದ್ದರು. ಏನು ಉಳಿದಿದೆ ಎಂದರೆ, ನೆಟ್ ಸರಿಯಿಲ್ಲ, ಫೋನುಗಳು ಹಳೆಯವು, ಸೀಜನ್ನಿನ ಕೆಲಸ ಬಂತು. ಹಿಟ್ಟಿನ ಗಿರಣಿಗೆ ಹೋದರೂ ನನ್ನನ್ನು ಹಿಡಿದು ಕೇಳುವವರೇ. "ಎಲ್ಲಿಗೆ ಬಂತಬೇ ನಿಮ್ಮ ಗಾಡಿ?" ನನಗೆ ನಗಬೇಕೋ ಅಳಬೇಕೋ ತಿಳಿಯದಂತಾಗಿತ್ತು.

ಕಡೆಗೆ ಕಾರಹುಣ್ಣಿಮೆಗೆ ಮೊದಲು ನಾನೇ ಕಡ್ಡಿ ಮುರಿದ ಹಾಗೆ ಹೇಳಿದೆ. "ಎಂಟು ಮಂದೀನ ಕರೀರಿ, ಆಡಿ ತೋರಸ್ರಿ. ಇಲ್ಲಂದ್ರ ಇನ್ನ ಮ್ಯಾಲೆ ಒಂದು ಎತ್ತೂ ನಾ ಬರೆಯಂಗಿಲ್ಲ." ಎರಡು ದಿನ ಮುಖ ಊದಿಸಿಕೊಂಡರು. ಆಮೇಲೆ ಕರೆದರು.

ಬಂದವರಲ್ಲಿ ಇಬ್ಬರ ಬಗ್ಗೆ ಹೇಳಬೇಕು. ಒಬ್ಬರು ನಮ್ಮ ಓಣಿಯ ಫಕೀರಪ್ಪ ಕಾಕಾ. ಅವರ ಕಿಲಾರಿ ಎತ್ತಿನ ಜೋಡಿ ಎಂದರೆ ಸುತ್ತಲಿನವರಿಗೆಲ್ಲ ಗೊತ್ತು. ಇನ್ನೊಬ್ಬರು ಗುಡಗೇರಿಯ ಚನ್ನಬಸಪ್ಪನವರು, ಇಲ್ಲಿ ಮಗಳ ಮನೆಗೆ ಬಂದಿದ್ದವರು. ಹಿಂದಿನ ವರ್ಷದ ಸ್ಪರ್ಧೆಯಲ್ಲಿ ಅವರ ಗಾಡಿ ಕಾಕಾನ ಗಾಡಿಗಿಂತ ಒಂದು ಮೊಳ ಮುಂದೆ ಹೋಗಿತ್ತು. ಟೇಪು ಸಡಿಲ ಹಿಡಿದಿದ್ದರು ಎಂದು ಕಾಕಾ ಇವತ್ತಿಗೂ ಅನ್ನುತ್ತಾರೆ. ಇಬ್ಬರೂ ನಮ್ಮ ಪಡಸಾಲೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಕೂತರು. ಎಂಟನೆಯವರು ಯಾರೋ ಬರಲಿಲ್ಲ. ಇವರು ನನ್ನ ಫೋನನ್ನು ನಮ್ಮ ಅತ್ತೆಯ ಕೈಗೆ ಕೊಟ್ಟು, "ಬೇ, ಇಲ್ಲಿ ಬಟ್ಟ ಒತ್ತಿ ಹಿಡಿ, ಬಿಡಬ್ಯಾಡ" ಎಂದರು. ಅತ್ತೆ ಕನ್ನಡಕ ಏರಿಸಿಕೊಂಡು, ಪಾಪ, ಅಷ್ಟೇ ಮಾಡಿದರು.

ಎಂಟೂ ಗಾಡಿ ಗೆರೆಯ ಮೇಲೆ ಬಂದು ನಿಂತವು. ಪ್ರತಿ ಗಾಡಿಯ ಮೇಲೂ ಓಡಿಸುವವರ ಹೆಸರು. ನಾನು ಬರೆದ ಎತ್ತುಗಳು ತಲೆ ಅಲ್ಲಾಡಿಸಿದವು, ಗೆಜ್ಜೆ ನುಡಿಯಿತು. "ಅಗದಿ ನನ್ನ ಎತ್ತ ಐತಲೇ ಇದು!" ಎಂದು ಕಾಕಾ ಕೂಗಿದಾಗ, ಇಲ್ಲ ಎನ್ನುವುದಿಲ್ಲ, ನನ್ನ ಕಣ್ಣು ತುಂಬಿ ಬಂತು. ಗಾಡಿಗಳು ಓಡಿದವು. ಪಡಸಾಲೆಯಲ್ಲಿ ಹೋ ಎಂದು ಗದ್ದಲ. ಕೂತವರು ಎದ್ದು ನಿಂತರು.

ಓಟ ಮುಗಿಯಿತು. ಕಾಕಾ ಫೋನ್ ಮೇಲೆತ್ತಿ "ಗೆದ್ದೆ!" ಎಂದರು.

ಅದೇ ಹೊತ್ತಿಗೆ ಚನ್ನಬಸಪ್ಪನವರೂ "ಗೆದ್ದೆ!" ಎಂದರು.

ಬಾಗಿಲ ಬಳಿ ಇದ್ದವರೂ ಗೆದ್ದಿದ್ದರು. ಕಂಬಕ್ಕೆ ಒರಗಿದವರೂ ಗೆದ್ದಿದ್ದರು. ನಾನು ಒಂದೊಂದೇ ಫೋನ್ ಇಣುಕಿ ನೋಡಿದೆ. ಯಾರ ಫೋನಿನಲ್ಲಿ ನೋಡಿದರೆ ಅವರದೇ ಗಾಡಿ ಎಲ್ಲರಿಗಿಂತ ಮುಂದೆ!

"ನಂದೂ ಮುಂದ ಐತಿ ನೋಡ್ರಿ" ಎಂದು ಅತ್ತೆ ಸಣ್ಣ ದನಿಯಲ್ಲಿ ಹೇಳಿದರು. ಯಾರೂ ಕಿವಿಗೊಡಲಿಲ್ಲ.

"ಕಣ್ಣ ಕಾಣಸ್ತಾವಿಲ್ಲ ನಿಮಗ? ಇಲ್ಲಿ ನೋಡ್ರಿ!" ಎಂದು ಕಾಕಾ ಫೋನನ್ನು ಚನ್ನಬಸಪ್ಪನವರ ಮೂಗಿನ ಹತ್ತಿರ ಒಯ್ದರು.

"ನೀವ ನೋಡ್ರಿ ಇಲ್ಲಿ! ನಿಮ್ಮ ಊರಾಗ ಟೇಪ್ ಅಷ್ಟ ಅಲ್ಲ, ಫೋನೂ ನಿಮ್ಮ ಮಾತ ಕೇಳತಾವ ಏನು?" ಎಂದರು ಚನ್ನಬಸಪ್ಪನವರು.

ಮಾತಿಗೆ ಮಾತು ಬೆಳೆಯಿತು. ಹೆಗಲ ಮೇಲಿನ ಟವೆಲ್ಲು ಕೈಗೆ ಬಂತು. ಬೀಗರ ಊರಿನ ಹಿರಿಯರನ್ನು ಮನೆಗೆ ಕರೆಸಿ ಅವಮಾನ ಮಾಡಿದರು ಎಂಬ ಮಾತೂ ಬಂತು. ಅಷ್ಟರಲ್ಲಿ ನಮ್ಮವರು ಏನು ಮಾಡಿದರು ಗೊತ್ತೆ? ನಡುವೆ ಹೋಗಿ ಕೈ ಜೋಡಿಸಿ, "ನೆಟ್ಟಿನ ಸಮಸ್ಯಾ ರಿ, ಸರಿ ಮಾಡೂಣು. ಅದಿರಲಿ, ಕೋಡಣಸಿನ ಬಣ್ಣ ಹೆಂಗ ಅನಸ್ತು?" ಎಂದು ಕೇಳಿದರು.

ನನಗೆ ಎಲ್ಲಿತ್ತೋ ಸಿಟ್ಟು! ಗಂಡನ ಮೇಲೆ ನಾಲ್ಕು ಜನರ ಮುಂದೆ ದನಿ ಏರಿಸಿದವಳಲ್ಲ ನಾನು. ಅವತ್ತು ಏರಿಸಿದೆ.

"ಕೋಡಣಸಿನ ಬಣ್ಣ ಹಾಳಾಗಿ ಹೋಗಲಿ! ಯಾರು ಗೆದ್ದಾರ ಅಂತ ಹೇಳಾಕ ಬರದ ಆಟಕ್ಕ ನಾ ಎಷ್ಟ ಎತ್ತ ಬರೀಲಿ? ಖರೇ ಹೇಳ್ರಿ, ಇದನ್ನ ಸರಿ ಮಾಡಾಕ ನಿಮಗ ಬರತೈತೇನು?"

ಇವರು ತಲೆ ತಗ್ಗಿಸಿದರು. "ಬರೂದಿಲ್ಲ" ಎಂದರು. "ಅದು ನಾಗ್ಯಾನ ಕೆಲಸ."

"ಮತ್ತ ಈಗ ಇದು ಯಾರ ಕಂಪ್ಯೂಟರ್ ಮ್ಯಾಲೆ ನಡದೈತಿ?"

"ಅವನದರ ಮ್ಯಾಲೆ."

"ಅವಗ ಹೇಳೀರಿ?"

ಇವರು ಇಲ್ಲವೆಂದು ತಲೆ ಅಲ್ಲಾಡಿಸಿದರು.

ನನಗೆ ಆ ಕ್ಷಣಕ್ಕೆ ಎಲ್ಲ ಅರ್ಥವಾಯಿತು. ಎರಡು ವರ್ಷ ಇವರು ಗೆಜ್ಜೆ, ಜೂಲಾ, ಮಳೆ, ರಾಡಿ ಎಂದು ಒದ್ದಾಡಿದ್ದೆಲ್ಲ ಮಾಡಬೇಕಾದ ಆ ಒಂದು ಕೆಲಸದ ಹತ್ತಿರ ಹೋಗದಿರಲಿಕ್ಕೆ. ಆ ಕೆಲಸಕ್ಕೆ ಕೈ ಹಾಕಬೇಕೆಂದರೆ ನಾಗರಾಜನನ್ನು ಕರೆಯಬೇಕಿತ್ತು.

ಅತ್ತೆಯ ಕೈಯಿಂದ ನನ್ನ ಫೋನ್ ಕಿತ್ತುಕೊಂಡು ಎಲ್ಲರ ಎದುರಿಗೇ ನಾಗರಾಜನಿಗೆ ಹಚ್ಚಿದೆ. ಸ್ಪೀಕರ್ ಹಾಕಿದೆ. ಅವನು ಒಂದೇ ರಿಂಗಿಗೆ ಎತ್ತಿದ.

"ಹೇಳ್ರಿ ವೈನಿ" ಎಂದ. ದನಿ ಏನೋ ಒಂದು ಥರ ಇತ್ತು.

"ನಾಗಣ್ಣ, ಇಲ್ಲಿ ಎಂಟೂ ಮಂದಿ ನಾನ ಗೆದ್ದೆ ಅಂತ ಹೊಡದಾಡಾಕತ್ತಾರ" ಎಂದೆ.

"ಗೊತ್ತೈತ್ರಿ. ನಾ ನೋಡೇನಿ."

"ಏನ್ ನೋಡೀರಿ?"

"ಓಟ ನೋಡೇನ್ರಿ. ಬೆಳಿಗ್ಗೆ ನಿಮ್ಮ ಊರಿಂದ ಒಂದ ಫೋನ್ ಬಂದು ಕೂಡಿಕೊಂಡಿದ್ದು ಕಾಣಿಸ್ತು. ಆಮ್ಯಾಲೆ ಇನ್ನೊಂದು, ಮತ್ತೊಂದು. ಅಂಗಡಿ ಬಾಗಲಾ ಹಾಕ್ಕೊಂಡು ಕುಂತೆ. ಎಂಟೂ ಗಾಡಿ ಓಡಿದ್ದು ನನ್ನ ಸ್ಕ್ರೀನಿನ್ಯಾಗ ನೋಡೇನ್ರಿ."

ಆ ಕಂಪ್ಯೂಟರನ್ನು ಅವನು ಎರಡು ವರ್ಷದಿಂದ ಆಟ ಆಡುವವರು ಒಬ್ಬರೂ ಇಲ್ಲದೆ ಚಾಲೂ ಇಟ್ಟಿದ್ದ. ಕರೆಂಟು ಹೋದಾಗಲೆಲ್ಲ ಮತ್ತೆ ಹಚ್ಚಿ ಇಟ್ಟಿದ್ದ. ಅವನು ಅಷ್ಟು ಜತನ ಮಾಡುತ್ತಿದ್ದುದು ಇವರಿಗೆ ಗೊತ್ತಿತ್ತೋ ಇಲ್ಲವೋ, ನಾನು ಈವರೆಗೂ ಕೇಳಿಲ್ಲ.

ಫಕೀರಪ್ಪ ಕಾಕಾ ಮುಂದೆ ಬಾಗಿದರು. "ಅದೆಲ್ಲ ಇರಲಿ ತಮ್ಮಾ, ಗೆದ್ದಾವರು ಯಾರು ಅದನ್ನ ಹೇಳು."

"ಕಾಕಾ, ಸಿಟ್ಟಿಗೇಳಬ್ಯಾಡ್ರಿ. ಎಲ್ಲಾರ ಫೋನೂ ತಮ್ಮ ಗಾಡೀನ ಮೊದಲ ತೋರಸ್ತಾವ, ಉಳದವರದು ತಡಾ ಆಗಿ ಬರತಾವ. ಅದಕ್ಕ ಎಲ್ಲಾರಿಗೂ ತಾವ ಗೆದ್ದಂಗ ಕಾಣಸ್ತೈತಿ. ನನ್ನ ಕಡೆ ಮೊದಲ ಗೆರಿ ದಾಟಿದ ಗಾಡಿ ಮ್ಯಾಲೆ 'ಅವ್ವ' ಅಂತ ಹೆಸರಿತ್ತು."

ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅತ್ತೆ ನಾಚಿ ಸೆರಗಿನ ತುದಿ ಬಾಯಿಗಿಟ್ಟುಕೊಂಡು, "ನಾ ಆಗಳೇ ಹೇಳಿದ್ನೆಲ್ಲ" ಎಂದರು. ಮೊದಲು ನಕ್ಕವರು ಚನ್ನಬಸಪ್ಪನವರು. ಕಾಕಾ ಸ್ವಲ್ಪ ಹೊತ್ತು ತಡೆದುಕೊಂಡು ಆಮೇಲೆ ತೊಡೆ ತಟ್ಟಿಕೊಂಡು ನಕ್ಕರು. "ಗುಡಗೇರಿಯವರು ಗೆಲ್ಲಲಿಲ್ಲಲ್ಲ, ಅಷ್ಟ ಸಾಕು" ಎಂದು ಹೇಳುವುದನ್ನೇನೂ ಬಿಡಲಿಲ್ಲ.

ನಾನು ಫೋನನ್ನು ಇವರ ಮುಂದೆ ಹಿಡಿದೆ. ಇವರು ತೆಗೆದುಕೊಳ್ಳಲಿಲ್ಲ. ಹಿಡಿದುಕೊಂಡೇ ನಿಂತೆ. ಆ ಕಡೆ ನಾಗರಾಜನೂ ಫೋನ್ ಇಡಲಿಲ್ಲ. ಕಡೆಗೆ ಇವರು, "ನಾಗ್ಯಾ, ಊಟಾ ಮಾಡೀಯೇನು?" ಎಂದರು. ಎರಡು ವರ್ಷದ ಮೇಲೆ ಆಡಿದ ಮೊದಲ ಮಾತು.

"ಇಲ್ಲ" ಎಂದ ಅವನು.

"ಬಾ ಹಂಗಾರ" ಎಂದರು.

ಅವನು ಸಂಜೆಯ ಬಸ್ಸಿಗೆ ಬಂದ. ಅತ್ತೆ ರೊಟ್ಟಿ ಬಡಿದು ಹಾಕಿದರು. ಇಬ್ಬರೂ ಅತ್ತುಕೊಂಡು ತಬ್ಬಿಕೊಂಡರು ಎಂದು ಯಾರಾದರೂ ತಿಳಿದರೆ ಅದು ತಪ್ಪು. ಕೈ ತೊಳೆದುಕೊಂಡು ಎದ್ದವರೇ ಅಂಗಡಿಯಲ್ಲಿ ಕೂತು ಜಗಳ ಶುರುಮಾಡಿದರು. ನೀನು ಇಷ್ಟೆಲ್ಲ ಮಳೆ, ರಾಡಿ ತುಂಬಿಟ್ಟರೆ ನನ್ನ ಸರ್ವರ್ ಹೇಗೆ ತಡೆದೀತು ಎಂದು ಅವನು. ಮಳೆ ತೆಗೆಯುವುದಿಲ್ಲ ಎಂದು ಇವರು.

ಆಟ ಇನ್ನೂ ಬಂದಿಲ್ಲ. ಈಗ ಗೆದ್ದವರ ಹೆಸರು ಎಲ್ಲ ಫೋನಿನಲ್ಲೂ ಒಂದೇ ಬರುತ್ತದೆ, ಅಷ್ಟರ ಮಟ್ಟಿಗೆ ಮುಂದೆ ಹೋಗಿದೆ. ಆದರೆ ಅರ್ಧ ಕೆಲಸವನ್ನು ಕಿತ್ತು ಹಾಕಿ ಮತ್ತೆ ಮಾಡುತ್ತಿದ್ದಾರೆ. ಎತ್ತು ಬರೆಯುವುದನ್ನು ನಾನು ನಿಲ್ಲಿಸಿದ್ದೇನೆ. ಯಾರು ಫೋಟೊ ಕಳಿಸಿದರೂ ಆಟ ಮುಗಿದ ಮೇಲೆ ನೋಡೋಣ ಎನ್ನುತ್ತೇನೆ. ನಮ್ಮವರಿಗೆ ಅದೇ ಒಂದು ನೋವು.

ಅವತ್ತು ಮನೆಯಲ್ಲಾದ ಗದ್ದಲವನ್ನು ನೆನೆದು ಈಗ ನಗುತ್ತೇನೆ. ಆದರೆ ನಾನು ಕಣ್ಣಾರೆ ಕಾಣದ ಒಂದು ಸಂಗತಿ ಮಾತ್ರ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತದೆ. ನವಲಗುಂದದ ಆ ಸಣ್ಣ ಅಂಗಡಿಯಲ್ಲಿ, ತಾನೇ ಕಟ್ಟಿದ ಆಟಕ್ಕೆ ಯಾರೂ ಕರೆಯದಿದ್ದಾಗ, ಬಾಗಿಲು ಹಾಕಿಕೊಂಡು ಒಬ್ಬನೇ ಕೂತು ಎಂಟು ಗಾಡಿಗಳ ಓಟ ನೋಡುತ್ತಿರುವ ನಾಗರಾಜ. ಅವನು ಅಲ್ಲಿ ಕೂಗಿದನೋ, ಸುಮ್ಮನೆ ಕೂತಿದ್ದನೋ ಗೊತ್ತಿಲ್ಲ. ಅದನ್ನು ನೆನೆದಾಗಲೆಲ್ಲ ನನಗೆ ಅವರಿಬ್ಬರ ಮೇಲೂ ಹೊಸದಾಗಿ ಸಿಟ್ಟು ಬರುತ್ತದೆ.