ಕೊರಳಪಟ್ಟಿಯ ಕ್ಲಿಪ್ಪುಗಳು

ನಮ್ಮ ಅಯೋವಾ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಆಟಗಾರರನ್ನು ಸರದಿಯಂತೆ ಒಳಗೆ ಕಳಿಸಿ ಹೊರಗೆ ಕರೆಸುವ ಕೋಚ್ ವೆಂಡೆಲ್ ಹಾಫ್‌ಸ್ಟ್ರಾ, ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳನ್ನು ಮೈತುಂಬ ಸಿಕ್ಕಿಸಿಕೊಂಡೇ ಮೈದಾನಕ್ಕೆ ಬರುತ್ತಾರೆ. ಒಂದೊಂದರ ಮೇಲೂ ಒಬ್ಬೊಬ್ಬ ಆಟಗಾರನ ನಂಬರು. ಆಡುತ್ತಿರುವವರದು ಕೊರಳಪಟ್ಟಿಯಲ್ಲಿ, ಬೆಂಚಿನಲ್ಲಿ ಕೂತವರದು ಅಂಗಿಯ ಅಂಚಿನಲ್ಲಿ. ಗಾಳಿ ಬೀಸಿದರೆ ಇವರನ್ನೇ ಯಾರೋ ಒಣಹಾಕಿದಂತೆ ಕಾಣುತ್ತದೆ. ಮನೆಯಲ್ಲಿ ಹೆಂಡತಿ ಮಾರ್ಲಿಸ್‌ಗೆ ಪಂದ್ಯವಿರುವ ಶನಿವಾರ ಬಟ್ಟೆ ಒಗೆಯುವ ಯೋಗವೇ ಇಲ್ಲ. ಆರು ಸಲ ಡಿಕ್ಕಿ ಹೊಡೆದದ್ದಾಯಿತೋ, ಎಂಥ ಶೂರನಾದರೂ ಹೆಲ್ಮೆಟ್ಟು ತೆಗೆದು ಆಚೆ ಬರಲೇಬೇಕು. "ಕೋಚ್, ನಂಗಿನ್ನೂ ದಮ್ಮಿದೆ" ಎಂದು ಗೊಣಗಿದವನಿಗೆ, "ಅದಕ್ಕೇ ಕರ್ದಿದ್ದು ಕಣಯ್ಯಾ. ಆ ದಮ್ಮು ಕೊನೇಲಿ ಬೇಕಾಗತ್ತೆ, ಕೂತ್ಕೊ" ಎನ್ನುತ್ತಾರೆ. ಮುಖ್ಯ ಕೋಚ್ ರೇಗಿದರೆ ಇವರು ಕಿವಿ ಕೇಳಿಸದವರಂತೆ ಕ್ಲಿಪ್ಪು ಎಣಿಸುತ್ತಾರೆ. ಮೊನ್ನೆ ಹತ್ತಿರದಿಂದ ನೋಡಿದೆ. ಆಡುವವರ ಕ್ಲಿಪ್ಪುಗಳು ಮುರಿದು ಮುರಿದು ಹೊಸವು ಬಂದಿವೆ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಒಳಗಿಳಿಯದ ಓರಿನ್ ಪ್ರೇದರ್‌ನ ತೊಂಬತ್ತೇಳನೇ ನಂಬರಿನದು ಮಾತ್ರ ಹಳೆಯದೇ, ಸವೆದು ಕಪ್ಪಾಗಿದೆ. ಪ್ರತಿ ಪಂದ್ಯದಲ್ಲೂ ಕೋಚ್ ಅದಕ್ಕೆ ಕೈಹಾಕಿ, ಆಟ ಕೈತಪ್ಪೀತೆಂದು ಹೆದರಿ, ಹೆಬ್ಬೆರಳಲ್ಲಿ ಸವರಿ ಬಿಟ್ಟಿದ್ದಾರೆ. ಇವತ್ತು ಓರಿನ್‌ನ ಕೊನೆಯ ಪಂದ್ಯ. ಬೆಳಿಗ್ಗೆ ಗೇಟಿನ ಹತ್ತಿರ ಕೋಚ್ ಸಿಕ್ಕರು. ಆಟ ಇನ್ನೂ ಶುರುವಾಗಿರಲಿಲ್ಲ. ಕೊರಳಪಟ್ಟಿಯಲ್ಲಿ ಆಗಲೇ ಒಂದೇ ಒಂದು ಕ್ಲಿಪ್ಪು ಕೂತಿತ್ತು, ಕಪ್ಪಗಿನದು.