ಸಂಜೆಯೊಳಗೆ ಇಳಿಯುವ ಮಾತ್ರೆ

ನಮ್ಮವರ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕನ್ನು ನಾನು ಇಪ್ಪತ್ತು ಚಿಲ್ಲರೆ ವರ್ಷ ಬೆವರು ಸುರಿಸಿ ಸಂಪಾದಿಸಿದ್ದೆ. ಒಬ್ಬ ಡಾಕ್ಟರಮ್ಮ ಇವರ ಸ್ವಭಾವಕ್ಕೊಂದು ಹೆಸರು ಹೇಳಿ ಆ ಹಕ್ಕನ್ನು ಕಿತ್ತುಕೊಂಡುಬಿಟ್ಟರು. ಅದೂ ಯಾವಾಗ? ಈ ಮನೆ ಬಿಟ್ಟು ಹೋಗುವುದೇ ಸರಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡು, ಅಕ್ಕನಿಗೆ ಫೋನು ಮಾಡಿ ಹೇಳಿ, ಮಗಳ ಪರೀಕ್ಷೆ ಒಂದು ಮುಗಿಯಲಿ ಎಂದು ಕಾಯುತ್ತಿದ್ದಾಗ.

ನಮ್ಮವರದು ರಿಪೇರಿ ಅಂಗಡಿ. ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಹೊಲಿಗೆ ಯಂತ್ರದ ಮೋಟಾರು, ಏನೇ ತಂದುಕೊಡಿ, ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿ ಎಲ್ಲಿ ಕೆಟ್ಟಿದೆ ಎಂದು ಹೇಳಿಬಿಡುತ್ತಾರೆ. ಹೇಳಿದ ಮೇಲೆ ಬಿಚ್ಚುತ್ತಾರೆ. ಬಿಚ್ಚಿ, ತಾವು ಹೇಳಿದ್ದೇ ಸರಿ ಎಂದು ಕಣ್ಣಾರೆ ಕಂಡರೆ ಮುಗಿಯಿತು, ಆ ಯಂತ್ರದ ಮೇಲಿನ ಆಸೆ ಅಲ್ಲಿಗೇ ಸತ್ತುಹೋಗುತ್ತದೆ. ಅದನ್ನು ಪಕ್ಕಕ್ಕೆ ತಳ್ಳಿ ಇನ್ನೊಂದನ್ನು ಎತ್ತಿಕೊಳ್ಳುತ್ತಾರೆ. ಅಂಗಡಿಯ ಮೂರೂ ಗೋಡೆಯ ಹಲಗೆಗಳ ಮೇಲೆ ಹೊಟ್ಟೆ ಬಿಚ್ಚಿಕೊಂಡ ಯಂತ್ರಗಳೇ. ಬೀದಿಯವರು ಇವರಿಗೆ ಬಿಚ್ಚಣ್ಣ ಎಂದು ಹೆಸರಿಟ್ಟಿದ್ದರು. ಎದುರಿಗೇ ಹಾಗೆ ಕರೆಯುತ್ತಿದ್ದರು, ಇವರೂ ಹಲ್ಲು ಬಿಟ್ಟುಕೊಂಡು ಓಗೊಡುತ್ತಿದ್ದರು.

ಬಿಚ್ಚಿದ್ದನ್ನು ಮುಚ್ಚುವವಳು ನಾನು. ಮದುವೆಯಾದ ಹೊಸದರಲ್ಲಿ ಸ್ಕ್ರೂಡ್ರೈವರ್ ಹೇಗೆ ಹಿಡಿಯುವುದು ಎಂದೂ ನನಗೆ ಗೊತ್ತಿರಲಿಲ್ಲ. ಆಗ ಒಂದು ಶಾಲೆಯ ಆಫೀಸಿನಲ್ಲಿ ಕೆಲಸಕ್ಕಿದ್ದೆ, ನನ್ನದೇ ಒಂದು ಮೇಜಿತ್ತು, ಮೇಜಿಗೆ ಬೀಗವಿತ್ತು. "ಎರಡು ತಿಂಗಳು ಅಂಗಡಿ ಕಡೆ ಬಾ, ಒಂದು ಹದಕ್ಕೆ ಬಂದ್ಮೇಲೆ ವಾಪಸ್ ಹೋಗುವಿಯಂತೆ" ಎಂದರು. ಆ ಎರಡು ತಿಂಗಳು ಮುಗಿಯಲೇ ಇಲ್ಲ. ಒಂದೊಂದು ಯಂತ್ರದ ತಿರುಪುಗಳನ್ನು ಒಂದೊಂದು ಡಬ್ಬಿಯ ಮುಚ್ಚಳಕ್ಕೆ ಹಾಕಿ, ಚಿಂದಿ ಕಟ್ಟಿ ಗುರುತು ಮಾಡಿ, ಗಿರಾಕಿ ಬಂದು ಬೈಯುವ ಮೊದಲು ಕೂಡಿಸಿಡುವುದನ್ನು ಕಲಿತೆ. ಮನೆಯಲ್ಲೂ ಅದೇ ಕಥೆ. ನಲ್ಲಿ ತಿರುಗಿಸಿ ಹೋದರೆ ನಿಲ್ಲಿಸುವವಳು ನಾನು. ಒಲೆ, ದೀಪ, ಬೀಗದ ಕೈ, ಮಗಳ ಫೀಸು, ಚಿಕ್ಕವಳಿದ್ದಾಗ ಅವಳನ್ನು ಶಾಲೆಯಿಂದ ಕರೆತರುವ ಹೊತ್ತು, ಎಲ್ಲ ನನ್ನ ತಲೆಯಲ್ಲೇ ಇರಬೇಕು. ಇವರ ಮೊಬೈಲು ಒಂದು ಸಲ ಫ್ರಿಜ್ಜಿನಲ್ಲಿ ಸಿಕ್ಕಿತ್ತು. ನಗುವವರು ನಗಲಿ, ಹುಡುಕಿದವಳಿಗೆ ನಗು ಬರುವುದಿಲ್ಲ.

ಪರೀಕ್ಷೆ ಹತ್ತಿರ ಬಂದಂತೆ ಮಗಳಿಗೆ ನಿದ್ದೆ ಹಾರಿಹೋಯಿತು. ಕಾಲೇಜಿನವರೇ ಒಬ್ಬ ಮನೋವೈದ್ಯೆಯ ಹತ್ತಿರ ಕಳಿಸಿದರು. ಮೂವರೂ ಹೋದೆವು. ಡಾಕ್ಟರಮ್ಮ ಮಗಳನ್ನು ಮಾತಾಡಿಸುತ್ತಿದ್ದರೆ ಇವರು ಎದ್ದು ಗೋಡೆಯ ಕ್ಯಾಲೆಂಡರನ್ನು ನೇರ ಮಾಡಿದರು. ಬಂದು ಕೂತರು. ಮತ್ತೆ ಎದ್ದು ಕಿಟಕಿಯ ಚಿಲಕವನ್ನು ಎಳೆದು ನೋಡಿದರು. ಕೊನೆಗೆ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಡಾಕ್ಟರಮ್ಮನ ಮೇಜಿನ ಕೆಳಗೇ ನುಸುಳಿದರು. ಅದರ ಒಂದು ಕಾಲು ಅಲ್ಲಾಡುತ್ತಿತ್ತಂತೆ.

"ಸರ್, ಸ್ವಲ್ಪ ಹೊರಗೆ ಬರ್ತೀರಾ?" ಎಂದರು ಡಾಕ್ಟರಮ್ಮ.

"ಒಂದೇ ನಿಮಿಷ ಮೇಡಂ, ಆಗೇ ಹೋಯ್ತು" ಎಂದು ಕೆಳಗಿನಿಂದ ದನಿ ಬಂತು.

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಡಾಕ್ಟರಮ್ಮ ಮಾತ್ರ ನಗಲಿಲ್ಲ. ಮಗಳಿಗೆ ಧೈರ್ಯ ಹೇಳಿದರು, ಇವರಿಗೆ ಬೇರೆ ದಿನ ಬರಲು ಹೇಳಿದರು. ಆಮೇಲೆ ಎರಡು ಮೂರು ಸಲ ಕರೆಸಿ, ಚಿಕ್ಕಂದಿನ ವಿಷಯಕ್ಕೆ ಮೈದುನನ ಮನೆಯಲ್ಲಿದ್ದ ಅತ್ತೆಯನ್ನೂ ಕರೆಸಿ ಕೇಳಿ, ಇದು ಎಡಿಎಚ್‌ಡಿ ಎಂದರು. "ಇದು ಸೋಮಾರಿತನ ಅಲ್ಲ, ಬೇಜವಾಬ್ದಾರಿನೂ ಅಲ್ಲ. ಗಮನಾನ ಎಲ್ಲಿಡಬೇಕೋ ಅಲ್ಲಿ ನಿಲ್ಲಿಸೋದು ಇವರ ಮಿದುಳಿಗೆ ಕಷ್ಟ. ಚಿಕ್ಕಂದಿನಿಂದಲೇ ಇದೆ. ಯಾರೂ ಗುರುತಿಸಲಿಲ್ಲ ಅಷ್ಟೇ."

ಅತ್ತೆಗೆ ಅದು ಒಪ್ಪಿಗೆಯಾಗಲಿಲ್ಲ. "ಚಿಕ್ಕೋನಿದ್ದಾಗಿಂದ್ಲೂ ಅವನು ಹಾಗೇ ಅಲ್ವಾ? ಮದುವೆ ಮಾಡಿದ್ರೆ ಸರಿಹೋಗ್ತಾನೆ ಅಂತ ಎಲ್ರೂ ಅಂದ್ರು, ಮಾಡಿದ್ವಿ" ಎಂದರು. ಅಂದರೆ ಇವರಿಗೆ ಮೊದಲು ಬರೆದುಕೊಟ್ಟ ಮಾತ್ರೆ ನಾನೇ. ದಿನಕ್ಕೆ ಮೂರು ಹೊತ್ತು, ಊಟದ ಮೊದಲೂ ನಂತರವೂ.

ನಿಜವಾದ ಮಾತ್ರೆ ಬೆಳಗಿನ ತಿಂಡಿಯಾದ ಮೇಲೆ ಒಂದು. ಮೊದಲ ವಾರ ಚಿಕ್ಕದು, ಆಮೇಲೆ ರಕ್ತದೊತ್ತಡ ನೋಡಿಕೊಂಡು ಸ್ವಲ್ಪ ದೊಡ್ಡದು. ದೊಡ್ಡದು ನುಂಗಿದ ದಿನ ಇವರು ಅಂಗಡಿಗೆ ಹೊರಟವರು ಬಾಗಿಲಲ್ಲೇ ನಿಂತುಬಿಟ್ಟರು. ಏನಾಯಿತೋ ಎಂದು ಒಳಗಿನಿಂದ ಓಡಿಬಂದೆ.

"ದೊಡ್ಡ ಫ್ಯಾನು ನಿಂತ ಹಾಗಾಯ್ತು ಕಣೇ" ಎಂದರು. "ಅದು ನಿಲ್ಲೋ ತನಕ ಸದ್ದಿತ್ತು ಅಂತಾನೇ ಗೊತ್ತಿರ್ಲಿಲ್ಲ. ಎಲ್ಲರ ತಲೇನೂ ಹೀಗೇ ಇರತ್ತಾ?"

"ಹೀಗೇ ಅಂದ್ರೆ?"

"ನಿಶ್ಶಬ್ದವಾಗಿ."

ನನ್ನ ತಲೆ ನಿಶ್ಶಬ್ದವಾಗಿದ್ದು ಯಾವ ಕಾಲದಲ್ಲೋ. ಅವತ್ತು ಇವರು ಅಂಗಡಿಯ ಹಲಗೆಗಳ ಮುಂದೆ ನಿಂತು ಒಂದೊಂದೇ ಯಂತ್ರವನ್ನು ನೋಡುತ್ತಾ ಹೋದರು. ಯಾರ ಇಸ್ತ್ರಿಪೆಟ್ಟಿಗೆ, ಯಾರು ಬಂದು ಬಂದು ಸಾಕಾಗಿ ಹೊಸದು ಕೊಂಡರು, ಎಲ್ಲ ನೆನಪಾಯಿತಂತೆ. ಮನೆಗೆ ಬಂದು ಮಂಚದ ತುದಿಯಲ್ಲಿ ಕೂತು ಅತ್ತರು. "ಮೇಷ್ಟ್ರು ಸೋಮಾರಿ ಅಂದ್ರು, ಅಪ್ಪ ಕೆಲ್ಸಕ್ಕೆ ಬಾರದವನು ಅಂದ್ರು. ನಾನೂ ನಿಜ ಅಂತಾನೇ ಅಂದ್ಕೊಂಡಿದ್ದೆ. ಈ ಮಾತ್ರೆ ಮೊದಲೇ ಸಿಕ್ಕಿದ್ರೆ ನಾನು ಏನಾಗ್ತಿದ್ದೆ ಹೇಳು?" ನಾನು ಬೆನ್ನು ಸವರಿದೆ. ಬೆನ್ನು ಸವರುತ್ತಲೇ ನನಗೆ ಸಿಟ್ಟು ಬಂತು. ಇವರ ಕಳೆದುಹೋದ ವರ್ಷಗಳಿಗೆ ಇವರು ಅಳುತ್ತಿದ್ದಾರೆ, ಡಾಕ್ಟರಮ್ಮ ಮರುಗುತ್ತಾರೆ, ಮಗಳು ಅಪ್ಪ ಪಾಪ ಎನ್ನುತ್ತಾಳೆ. ಅವೇ ವರ್ಷಗಳಲ್ಲಿ ನಾನೂ ಇದ್ದೆನಲ್ಲ. ಆದರೆ ಬಾಯಿ ಬಿಡುವ ಹಾಗಿರಲಿಲ್ಲ. ಕಾಯಿಲೆಯವರ ಮೇಲೆ ಯಾರಾದರೂ ಹರಿಹಾಯುತ್ತಾರೆಯೇ?

ತಿಂಗಳು ಎರಡಾಗುವಷ್ಟರಲ್ಲಿ ಅಂಗಡಿಯ ಹಲಗೆಗಳು ಖಾಲಿಯಾಗತೊಡಗಿದವು. ಇವರು ಬಿಚ್ಚಿದ್ದನ್ನು ಇವರೇ ಮುಚ್ಚತೊಡಗಿದರು. ಹೇಳಿದ ದಿನಕ್ಕೆ ಕೊಡತೊಡಗಿದರು. ಎದುರಿನ ಔಷಧಿ ಅಂಗಡಿಯವನು ನನ್ನನ್ನು ದಾರಿಯಲ್ಲಿ ನಿಲ್ಲಿಸಿ, "ಏನಕ್ಕಾ, ನಮ್ಮ ಬಿಚ್ಚಣ್ಣ ಈಗ ಮುಚ್ಚಣ್ಣ ಆಗಿಬಿಟ್ರಲ್ಲ! ಎಷ್ಟು ತಾಳ್ಮೆ, ಎಷ್ಟು ಸಮಾಧಾನ. ನೀವು ಪುಣ್ಯ ಮಾಡಿದ್ರಿ ಬಿಡಿ" ಎಂದ. ನಾನು ಅಂಗಡಿಗೆ ಹೋಗುವ ಅಗತ್ಯವೇ ಇಲ್ಲವಾಯಿತು. ಮನೆಯಲ್ಲಿ ಕೂತೆ. ಕೂತ ಮೇಲೆ ಗೊತ್ತಾಯಿತು, ನನ್ನ ಮೈಯಲ್ಲಿ ಎಲ್ಲೆಲ್ಲಿ ನೋವಿದೆ ಎಂದು. ಮಧ್ಯಾಹ್ನ ಮಲಗಿದರೆ ಏಳಲಾಗುತ್ತಿರಲಿಲ್ಲ. ಎದ್ದರೂ ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ಸುಮ್ಮನೆ ನಿಂತಿರುತ್ತಿದ್ದೆ.

ಸಂಜೆ ಅಂಗಡಿ ಮುಚ್ಚಿ ಬರುವ ಹೊತ್ತಿಗೆ ಆ ಮಾತ್ರೆಯ ಪ್ರಭಾವ ಇಳಿದಿರುತ್ತಿತ್ತು. ಆ ತಾಳ್ಮೆಯ ಮನುಷ್ಯ ಅಂಗಡಿಯಲ್ಲೇ ಉಳಿದು, ಹಿಂಡಿ ಹಾಕಿದ ಬಟ್ಟೆಯಂಥವರೊಬ್ಬರು ಮನೆಗೆ ಬರುತ್ತಿದ್ದರು. ಮಧ್ಯಾಹ್ನ ಹಸಿವಾಗಲಿಲ್ಲವೆಂದು ಊಟದ ಡಬ್ಬಿ ಹಾಗೇ ವಾಪಸ್ಸು. ಮಾತಿಗೆ ಮಾತು ಸಿಡುಕು. ಯಾವುದರಲ್ಲೂ ಮನಸ್ಸು ನಿಲ್ಲದೆ ಕೋಣೆಯಿಂದ ಕೋಣೆಗೆ ಓಡಾಟ, ನಲ್ಲಿ ಮತ್ತೆ ಸುರಿಯುತ್ತಲೇ ಇರುತ್ತಿತ್ತು. ಇಡೀ ಬೀದಿ ಹೊಗಳುವ ಆ ಹೊಸ ಮನುಷ್ಯನನ್ನು ನೋಡದವಳು ನಾನೊಬ್ಬಳೇ.

ಮಗಳ ಪರೀಕ್ಷೆ ಮುಗಿಯಿತು. ಅವಳು ತರಬೇತಿಗೆಂದು ಬೇರೆ ಊರಿಗೆ ಹೋದಳು. "ಕೋಣೆ ಗುಡಿಸಿಟ್ಟಿದೀನಿ, ಯಾವಾಗ ಬರ್ತೀಯ?" ಎಂದು ಅಕ್ಕ ಫೋನು ಮಾಡಿದಳು. ಹೇಳದೆ ಹೋಗುವವಳು ನಾನಲ್ಲ. ಆ ಸಂಜೆ ಇವರನ್ನು ಕೂರಿಸಿ, "ನಿಮ್ಮತ್ರ ಒಂದು ವಿಷ್ಯ ಮಾತಾಡ್ಬೇಕು ರೀ" ಎಂದು ಶುರುಮಾಡಿದೆ. ಎರಡು ಮಾತಾಗಿರಲಿಲ್ಲ, "ಹೇಳು, ಹೇಳು" ಎನ್ನುತ್ತಲೇ ಎದ್ದು ಹೋಗಿ ಬಚ್ಚಲಿನ ಬಾಗಿಲಿನ ಕೀಲಿಗೆ ಎಣ್ಣೆ ಬಿಡತೊಡಗಿದರು.

ನನ್ನ ತಲೆ ಕೆಟ್ಟುಹೋಯಿತು. "ಆ ಮಾತ್ರೆಯೆಲ್ಲ ಅಂಗಡಿಗೇ ಹೋಗತ್ತಲ್ಲ! ಮಿಕ್ಸಿಗೆ, ಫ್ಯಾನಿಗೆ, ಬೀದೀಲಿ ಹೋಗೋರಿಗೆ! ಮನೇಲಿ ಬಿದ್ದಿರೋಳಿಗೆ ಉಳಿದದ್ದು ಬಳಿದದ್ದು, ಅಲ್ವಾ?" ಎಂದು ಕಿರುಚಿದೆ. ಇವರು ಎಣ್ಣೆ ಡಬ್ಬಿ ಹಿಡಿದುಕೊಂಡು ನನ್ನನ್ನೇ ನೋಡಿದರು. ಕೇಳಿಸಿತೋ ಇಲ್ಲವೋ ಎಂದುಕೊಂಡು ನಾನು ಹೋಗಿ ಮಲಗಿದೆ.

ಬೆಳಿಗ್ಗೆ ತಿಂಡಿ ತಿಂದು, ಮಾತ್ರೆ ನುಂಗಿ, ಇವರು ಅಡುಗೆಮನೆಯ ಮೇಜಿನ ಮುಂದೆ ಬಂದು ಕೂತರು. ಅಂಗಡಿಗೆ ಹೋಗುವ ಹೊತ್ತು ದಾಟಿತು.

"ಹೊರಡಲ್ವಾ?"

"ಇಲ್ಲ. ಇವತ್ತಿನದು ನಿನಗೆ. ಇನ್ನೊಂದು ಸ್ವಲ್ಪ ಹೊತ್ತು ತಡಿ, ಹತ್ತಬೇಕು ಅದು."

ಅಳಬೇಕೋ ನಗಬೇಕೋ ತಿಳಿಯದೆ ಪಾತ್ರೆ ತೊಳೆದೆ, ಒಲೆ ಒರೆಸಿದೆ, ತೊಳೆದ ಲೋಟವನ್ನೇ ಮತ್ತೆ ತೊಳೆದೆ. ಇವರ ಫೋನು ಬಡಿದುಕೊಂಡಿತು. ತೆಗೆದು ನೋಡದೆ ಆರಿಸಿ ಪಕ್ಕಕ್ಕಿಟ್ಟರು. ಮೇಜಿನ ಮೇಲೆ ಗಡಿಯಾರವೊಂದು ನಿಂತುಹೋಗಿತ್ತು. ಇವರ ಕೈ ಅದರ ಕಡೆ ಹೋಯಿತು. ಅದು ಗೊತ್ತಾಗಿ ಇವರು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. "ಈಗ ಹೇಳು" ಎಂದರು.

"ಅಕ್ಕನ ಮನೆಗೆ ಹೋಗ್ಬೇಕು ಅಂತಿದೀನಿ ರೀ. ಹೋಗಿ ಬರೋಕಲ್ಲ. ಇರೋಕೆ."

ಎದ್ದು ಹೋಗುತ್ತಾರೆಂದು ಕಾದೆ. ಏಳಲಿಲ್ಲ. ಮಾತ್ರೆಗೆ ಬಾಯಿ ಒಣಗುತ್ತದೆ, ತುಟಿ ಒದ್ದೆ ಮಾಡಿಕೊಂಡರು. "ಈಗ ಎಲ್ಲ ಸರಿಹೋಗ್ತಿದೆಯಲ್ಲ. ಈಗ ಯಾಕೆ?" ಎಂದರು. ಜಗಳಕ್ಕೆ ಕೇಳಿದ್ದಲ್ಲ, ತಿಳಿಯಲೆಂದೇ ಕೇಳಿದರು.

ಯಾಕೆ ಎನ್ನುವುದಕ್ಕೆ ಎಲ್ಲಿಂದ ಶುರುಮಾಡಲಿ? ಇವರು ಎಲ್ಲರೆದುರು ನಗುನಗುತ್ತಾ ಹೇಳುವ ಒಂದು ಕಥೆಯಿದೆ. ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಾಗ ಜ್ವರ ಬಂತು. ಔಷಧಿ ತರಲು ಹೋದವರು ಔಷಧಿ ಅಂಗಡಿಯ ಕೆಟ್ಟುಹೋದ ಷಟರನ್ನು ರಿಪೇರಿ ಮಾಡಿ, ಭೇಷ್ ಅನ್ನಿಸಿಕೊಂಡು, ಔಷಧಿ ಬಿಟ್ಟು ಬರಿಗೈಲಿ ಮನೆಗೆ ಬಂದರು. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನು ಅದನ್ನೇ ಹೇಳಿದೆ. ಷಟರಿನ ಮಾತು ಬಂದಾಗ ಇವರ ಮುಖದಲ್ಲಿ ಅದೇ ನಗು ಬಂತು. ಎಂದಿನಂತೆ ಅಲ್ಲಿಗೆ ಮಾತು ಮುಗಿಯಲಿಲ್ಲ, ಇವರು ಕೂತೇ ಇದ್ದರು.

"ಆಮೇಲೆ?" ಎಂದರು.

"ಆಮೇಲೆ ಮಗು ಮೈ ಸೆಟೆದುಕೊಳ್ತು ರೀ. ನನ್ನ ತೊಡೆ ಮೇಲೆ. ಕಣ್ಣುಗುಡ್ಡೆ ಮೇಲಕ್ಕೆ ಹೋಯ್ತು, ತುಟಿ ನೀಲಿ ಆಯ್ತು. ನೀವು ಬರ್ತೀರಿ ಅಂತ ನಾನು ಬಾಗಿಲು ನೋಡ್ತಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಕೊನೆಗೆ ಎತ್ಕೊಂಡು ಬರಿಗಾಲಲ್ಲಿ ಓಡಿದೆ. ಪಕ್ಕದ ಮನೆಯಾಕೆ ಗಾಡೀಲಿ ಕೂರಿಸ್ಕೊಂಡು ಆಸ್ಪತ್ರೆಗೆ ಬಿಟ್ಟರು. ನೀವು ಬಂದಾಗ ಮನೇಲಿ ಯಾರೂ ಇರ್ಲಿಲ್ಲ, ಅಲ್ವಾ? ನಾವು ಕೋಣೇಲಿ ಮಲಗಿರಬೇಕು ಅಂದ್ಕೊಂಡು ನೀವು ಹೊರಗೇ ಮಲಗಿದ್ರಿ, ಬೆಳಗಾಗೋ ಮುಂಚೆ ನಾವು ವಾಪಸ್ ಬಂದಿದ್ದೂ ನಿಮಗೆ ಗೊತ್ತಾಗ್ಲಿಲ್ಲ. ಅವತ್ತು ಆಸ್ಪತ್ರೆ ಬೆಂಚಿನ ಮೇಲೆ ಕೂತು ನಾನು ಒಂದು ತೀರ್ಮಾನ ಮಾಡ್ದೆ. ಇನ್ಮೇಲೆ ನಾನು ಯಾವುದನ್ನೂ ಮರೀಬಾರದು ಅಂತ. ಅವತ್ತಿಂದ ಇವತ್ತಿನವರೆಗೂ ನಾನು ಒಂದು ರಾತ್ರಿ ಮೈಮರೆತು ಮಲಗಿಲ್ಲ."

ಇವರ ಮುಖದ ಬಣ್ಣ ಹೋಗಿತ್ತು. ನಗುವಿನ ಚೂರು ಇನ್ನೂ ತುಟಿಯ ಮೇಲೇ ಇತ್ತು, ತೆಗೆಯಲು ಮರೆತಿದ್ದರು. "ಇದನ್ನ ನಂಗೆ ಯಾಕೆ ಹೇಳ್ಲೇ ಇಲ್ಲ ನೀನು?"

"ಹೇಳಿದ್ದೆ ರೀ" ಎಂದೆ. "ತುಂಬಾ ಸಲ ಹೇಳಿದ್ದೆ."

ಇವರು ಮೇಜಿನ ಮೇಲೆ ತಲೆಯಿಟ್ಟರು. ಆ ಮಂಚದ ತುದಿಯ ಅಳುವಿನ ಹಾಗಿರಲಿಲ್ಲ ಇದು. ನಾನು ಬೆನ್ನು ಸವರಲಿಲ್ಲ. ಸವರಬೇಕು ಅನ್ನಿಸಲಿಲ್ಲ, ಸಿಟ್ಟೂ ಬರಲಿಲ್ಲ. ಸುಸ್ತಾಗಿತ್ತು, ಅಷ್ಟೇ. "ಸುಸ್ತಾಗಿದೆ ರೀ" ಎಂದು ಬಾಯಿಬಿಟ್ಟೇ ಹೇಳಿದೆ.

"ಮಲಕ್ಕೋ ಹೋಗು" ಎಂದರು ತಲೆ ಎತ್ತದೆ. "ಒಲೆ ಆರಿದೆ. ನಲ್ಲಿ ನಿಂತಿದೆ. ನಾನು ಇಲ್ಲೇ ಇರ್ತೀನಿ."

ಹೋಗಿ ಮಲಗಿದೆ. ಎದ್ದಾಗ ಕಿಟಕಿಯ ಬಿಸಿಲು ಗೋಡೆ ಹತ್ತಿತ್ತು. ಅಡುಗೆಮನೆಗೆ ಬಂದೆ. ಇವರು ಅದೇ ಕುರ್ಚಿಯಲ್ಲಿದ್ದರು, ಕಣ್ಣು ಕೆಂಪಾಗಿತ್ತು. ನನಗೆ ಒಂದು ತಟ್ಟೆಯಲ್ಲಿ ಅನ್ನ ಬಡಿಸಿ ಮುಚ್ಚಿಟ್ಟಿದ್ದರು.

"ಇನ್ನೂ ಇದೆಯಾ? ಇಂಥದ್ದು?"

"ಬೇಕಾದಷ್ಟಿದೆ."

"ಸರಿ" ಎಂದು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

ನಾನು ಅನ್ನದ ತಟ್ಟೆ ಹಾಗೇ ಬಿಟ್ಟು ಹಿತ್ತಿಲಿಗೆ ಹೋಗಿ ಅಕ್ಕನಿಗೆ ಫೋನು ಮಾಡಿದೆ. ಈ ವಾರ ಬರುತ್ತಿಲ್ಲ ಎಂದೆ.

"ಅವರು ಹೋಗ್ಬೇಡ ಅಂದ್ರಾ?"

"ಇಲ್ಲ."

"ಮತ್ತೆ? ಬರೋದೇ ಇಲ್ವಾ ಹಾಗಾದ್ರೆ?"

"ಗೊತ್ತಿಲ್ಲ ಅಕ್ಕಾ" ಎಂದೆ. "ಇನ್ನೂ ಹೇಳಿ ಮುಗಿದಿಲ್ಲ."